ಕನ್ನಡದ ಸೋಷಿಯಲ್ ಮೀಡಿಯಾ ಬೇಕು, ಆದರೆ ದುಡ್ಡನ್ನು ಬರೀ ಪುಟಕ್ಕೆ ಸುರಿಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಒಂದು ಸಲಹೆ ಕೊಟ್ಟಿದ್ದರು. ರಾಜ್ಯ ಸರ್ಕಾರ ನಮ್ಮದೇ ಒಂದು 'ಕನ್ನಡ ಫೇಸ್‌ಬುಕ್' ಮಾಡಿಸಬೇಕು, ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ಹುಡುಗರಿಗೆ ಕೊಟ್ಟರೆ ಆರು ತಿಂಗಳಲ್ಲಿ ಮುಗಿಸಿ ಕೊಡುತ್ತಾರೆ ಎಂದು. ಅವರ ಆಸೆ ನನಗೂ ಇದೆ. ಆದರೆ ಆ ಆರು ತಿಂಗಳಲ್ಲಿ ಸಿದ್ಧವಾಗುವುದು ಏನು, ಸಿದ್ಧವಾಗದೆ ಉಳಿಯುವುದು ಏನು ಎನ್ನುವುದನ್ನು ಯಾರಾದರೂ ಬರೆಯಬೇಕು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದ್ದೇನೆ. ಜನರ ಕಣ್ಣಿಗೆ ಬೀಳುವ ಪುಟದ ಕೆಲಸವಲ್ಲ, ಅದರ ಹಿಂದಿನದ್ದು. ನಮ್ಮ ಭಾಷೆಯಲ್ಲಿ ಅದಕ್ಕೆ ಬ್ಯಾಕೆಂಡ್ ಅಂತಾರೆ. ಹಾಗಾಗಿ ಸ್ವಲ್ಪ ಉದ್ದವಾದರೂ ಈ ಪತ್ರವನ್ನು ಪ್ರಕಟಿಸಬೇಕು ಎಂದು ಕೇಳಿಕೊಳ್ಳುತ್ತೇನೆ.

ಮೊದಲು ಒಪ್ಪಿಕೊಳ್ಳಬೇಕಾದ ಮಾತು. ಹುಡುಗರು ಪುಟ ಮಾಡಿಯೇ ಮಾಡುತ್ತಾರೆ. 2004ರ ಫೆಬ್ರವರಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಿಂದ ಮಾರ್ಕ್ ಜುಕರ್‌ಬರ್ಗ್ ಹೊರಬಿಟ್ಟ ಫೇಸ್‌ಬುಕ್ಕೂ ಅಂಥದ್ದೇ ಒಂದು ಸಾದಾ ವೆಬ್‌ಸೈಟು. ಪಿಎಚ್‌ಪಿ ಎನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಕೋಡು, ಹಿಂದೆ ಮಾಹಿತಿ ಜೋಡಿಸಿಡಲು ಮೈಎಸ್‌ಕ್ಯೂಎಲ್ ಎನ್ನುವ ಡೇಟಾಬೇಸು, ಅಷ್ಟೇ. ಇವತ್ತು ನಮ್ಮ ಕಡೆಯ ಯಾವ ಕಾಲೇಜಿನ ಕೊನೇ ವರ್ಷದ ವಿದ್ಯಾರ್ಥಿಯೂ ಲಾಗಿನ್, ಸ್ನೇಹಿತರ ಪಟ್ಟಿ, ಪೋಸ್ಟು, ಲೈಕು ಇರುವ ಸೈಟನ್ನು ಪ್ರಾಜೆಕ್ಟಿಗೆ ಮಾಡಿ ತೋರಿಸಬಲ್ಲರು. ಇನ್ನೂರು ಜನ ಬಳಸುವವರೆಗೆ ಅದು ಚೆನ್ನಾಗಿಯೇ ಓಡುತ್ತದೆ.

ಕಷ್ಟ ಶುರುವಾಗುವುದು ಜನ ಬಂದ ಮೇಲೆ. ನೀವು ಫೋನಿನಲ್ಲಿ ಆ್ಯಪ್ ತೆರೆದ ತಕ್ಷಣ ಪೋಸ್ಟುಗಳ ಸಾಲು ಬರುತ್ತದಲ್ಲ, ಅದನ್ನು ನಾವು ಫೀಡ್ ಅನ್ನುತ್ತೇವೆ. ಈ ಫೀಡ್ ಎಲ್ಲೋ ಬರೆದಿಟ್ಟ ಪುಟವಲ್ಲ. ನಿಮಗೆ 300 ಜನ ಸ್ನೇಹಿತರಿದ್ದರೆ ಆ 300 ಜನರೂ ಇತ್ತೀಚೆಗೆ ಏನು ಹಾಕಿದ್ದಾರೆ ಎಂದು ಹುಡುಕಬೇಕು. ಸಿಕ್ಕಿದ್ದನ್ನೆಲ್ಲ ಸೇರಿಸಬೇಕು, ನೀವು ಬ್ಲಾಕ್ ಮಾಡಿದವರದ್ದನ್ನು ತೆಗೆಯಬೇಕು, ಅಳಿಸಿದ್ದನ್ನು ಬಿಡಬೇಕು, ಆಮೇಲೆ ಒಂದು ಕ್ರಮದಲ್ಲಿ ಇಡಬೇಕು. ಇಷ್ಟೂ ಒಂದು ಸೆಕೆಂಡಿನೊಳಗೆ ಆಗಬೇಕು, ಇಲ್ಲದಿದ್ದರೆ ನೀವು ಆ್ಯಪ್ ಮುಚ್ಚಿ ಹೋಗುತ್ತೀರಿ. ಲಕ್ಷ ಜನ ಒಟ್ಟಿಗೆ ತೆರೆದರೆ ಇದೇ ಹುಡುಕಾಟ ಲಕ್ಷ ಬಾರಿ. ಅಲ್ಲಿಗೆ ಒಂದು ಡೇಟಾಬೇಸಿನ ಕಥೆ ಮುಗಿಯಿತು.

ಇದಕ್ಕೆ ಟ್ವಿಟರ್ ಕಂಡುಕೊಂಡ ದಾರಿ ಹೇಳುತ್ತೇನೆ. 2006ರಲ್ಲಿ ಶುರುವಾದಾಗ ಅದು ರೂಬಿ ಆನ್ ರೈಲ್ಸ್ ಎನ್ನುವ ತಂತ್ರಾಂಶ ಬಳಸಿ ಬರೆದ ಸಣ್ಣ ಸೈಟು. ಜನ ಜಾಸ್ತಿಯಾದಂತೆ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಹಕ್ಕಿಗಳು ತಿಮಿಂಗಿಲವನ್ನು ಎತ್ತಿಕೊಂಡು ಹೋಗುವ ಒಂದು ಚಿತ್ರ ಪರದೆ ಮೇಲೆ ಬರುತ್ತಿದ್ದದ್ದು ಹಳಬರಿಗೆ ನೆನಪಿರಬಹುದು. ಆಮೇಲೆ ಅವರು ಕೆಲಸವನ್ನು ತಿರುಗಿಸಿದರು. ಓದುವಾಗ ಹುಡುಕುವ ಬದಲು, ಬರೆಯುವಾಗಲೇ ಹಂಚುವುದು. ನಿಮ್ಮನ್ನು ಹಿಂಬಾಲಿಸುವ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಪಟ್ಟಿ ಮೊದಲೇ ಸಿದ್ಧವಿರುತ್ತಿತ್ತು. ನೀವು ಒಂದು ಸಾಲು, ಅಂದರೆ ಒಂದು ಟ್ವೀಟು ಬರೆದರೆ ಅದರ ನಂಬರನ್ನು ಆ ಎಲ್ಲ ಪಟ್ಟಿಗಳ ತುದಿಗೆ ಸೇರಿಸುತ್ತಿದ್ದರು. ಪಟ್ಟಿ ಇದ್ದದ್ದು ರೆಡಿಸ್ ಎನ್ನುವ ತಂತ್ರಾಂಶದಲ್ಲಿ, ಅದೂ ನಿಧಾನದ ಡಿಸ್ಕಿನಲ್ಲಲ್ಲ, ವೇಗದ ಮೆಮೊರಿಯಲ್ಲೇ. ಒಬ್ಬೊಬ್ಬರಿಗೆ ಸುಮಾರು 800 ಟ್ವೀಟು, ಅದೂ ಮೂರು ಮೂರು ಯಂತ್ರಗಳಲ್ಲಿ ಪ್ರತಿ. 2012-13ರ ಹೊತ್ತಿಗೆ ಅಲ್ಲಿ ಸೆಕೆಂಡಿಗೆ ಬರೆಯುವವರು ಸುಮಾರು 6,000 ಇದ್ದರೆ, ಫೀಡ್ ಓದುವ ಕೋರಿಕೆ ಸೆಕೆಂಡಿಗೆ ಸುಮಾರು 3 ಲಕ್ಷ. ಬರೆಯುವವರು ಕಡಿಮೆ, ಓದುವವರು ಜಾಸ್ತಿ. ಹಾಗಾಗಿ ಬರೆಯುವಾಗ ಜಾಸ್ತಿ ಶ್ರಮಪಟ್ಟರೂ ನಷ್ಟವಿಲ್ಲ ಎನ್ನುವ ಲೆಕ್ಕ.

ಆದರೆ ಈ ಉಪಾಯಕ್ಕೂ ಒಂದು ಗಂಟಲಮುಳ್ಳು ಇತ್ತು. ಹಾಡುಗಾರ್ತಿ ಲೇಡಿ ಗಾಗಾ ಅವರಿಗೆ ಆಗ 3 ಕೋಟಿಗೂ ಮಿಕ್ಕಿ ಹಿಂಬಾಲಕರು. ಅವರು ಒಂದು ಸಾಲು ಹಾಕಿದರೆ ಮೂರು ಕೋಟಿ ಪಟ್ಟಿಗಳಲ್ಲಿ ಬರೆಯಬೇಕು, ಅದಕ್ಕೆ ಐದು ನಿಮಿಷದವರೆಗೂ ಹಿಡಿಯುತ್ತಿತ್ತು. ಅಷ್ಟರಲ್ಲಿ ಮೊದಲು ನೋಡಿದವರು ಉತ್ತರ ಬರೆದು, ಆ ಉತ್ತರ ಮೂಲ ಟ್ವೀಟಿಗಿಂತ ಮೊದಲೇ ಕೆಲವರನ್ನು ತಲುಪುತ್ತಿತ್ತು. ಕೊನೆಗೆ ದೊಡ್ಡ ತಾರೆಯರದ್ದನ್ನು ಮಾತ್ರ ಹಂಚದೆ ಬೇರೆ ಇಟ್ಟು, ನೀವು ಫೀಡ್ ತೆರೆದಾಗ ಸೇರಿಸುವ ಎರಡನೇ ದಾರಿಯನ್ನು ಜೊತೆಗೆ ಹಾಕಿದರು. ನಮ್ಮ ಕನ್ನಡ ತಾಣದಲ್ಲಿ ಒಬ್ಬ ಸ್ಟಾರ್ ನಟ ಹಬ್ಬದ ಬೆಳಿಗ್ಗೆ ಟೀಸರ್ ಬಿಟ್ಟರೆ ಆಗುವುದೂ ಇದೇ. ಎಲ್ಲ ಅಭಿಮಾನಿಗಳೂ ಅದೇ ನಿಮಿಷದಲ್ಲಿ ಬಂದು ಕೂರುತ್ತಾರೆ. ಸರಾಸರಿ ದಿನಕ್ಕೆ ಕಟ್ಟಿದ ಸೈಟು ಆ ಒಂದು ನಿಮಿಷಕ್ಕೆ ನಿಲ್ಲುವುದಿಲ್ಲ. 2013ರ ಆಗಸ್ಟ್‌ನಲ್ಲಿ ಜಪಾನಿನ ಟೀವಿಯಲ್ಲಿ ಒಂದು ಆ್ಯನಿಮೇಷನ್ ಸಿನಿಮಾ ಬರುತ್ತಿದ್ದಾಗ, ಅದರ ಒಂದು ದೃಶ್ಯಕ್ಕೆ ಸರಿಯಾಗಿ ಎಲ್ಲರೂ ಒಟ್ಟಿಗೆ ಟ್ವೀಟ್ ಮಾಡಿ ಸೆಕೆಂಡಿಗೆ 1,43,199 ಟ್ವೀಟು ಬಂದವು. ಯಂತ್ರ ಕೊಳ್ಳಬೇಕಾದದ್ದು ಆ ಸೆಕೆಂಡಿಗೆ. ಉಳಿದ ದಿನವೆಲ್ಲ ಅದರ ಕರೆಂಟು ಬಿಲ್ಲು ನಾವೇ ಕಟ್ಟಬೇಕು.

ಫೇಸ್‌ಬುಕ್ಕಿನವರದ್ದು ಇನ್ನೊಂದು ರೀತಿಯ ಭಾರ. 2013ರಲ್ಲಿ ಅವರೇ ಪ್ರಕಟಿಸಿದ ಪ್ರಬಂಧವೊಂದರ ಪ್ರಕಾರ, ಜನಪ್ರಿಯವಾದ ಒಂದು ಪುಟ ತೆರೆದರೆ ಅದರ ಹಿಂದೆ ಸರಾಸರಿ 521 ಬೇರೆ ಬೇರೆ ತುಣುಕುಗಳನ್ನು ತರಬೇಕು. ಹೆಸರು, ಫೋಟೊ, ಲೈಕಿನ ಲೆಕ್ಕ, ಯಾರು ಯಾರ ಸ್ನೇಹಿತರು, ಹೀಗೆ. ಇಷ್ಟನ್ನೂ ಪ್ರತಿ ಸಲ ಡೇಟಾಬೇಸಿನಿಂದ ತರಲು ಆಗುವುದಿಲ್ಲ. ಕಿರಾಣಿ ಅಂಗಡಿಯವರು ಸಕ್ಕರೆ, ಚಹಾಪುಡಿಯನ್ನು ಕೈಗೆ ಸಿಗುವಂತೆ ಮುಂದೆ ಇಟ್ಟು ಮೂಟೆಗಳನ್ನು ಹಿಂದಿನ ಗೋಡೌನಿನಲ್ಲಿ ಇಡುತ್ತಾರಲ್ಲ, ಹಾಗೆ ಪದೇ ಪದೇ ಬೇಕಾದದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಬಳಸುವ ಮೆಮ್‌ಕ್ಯಾಶ್‌ಡಿ ಎನ್ನುವ ತಂತ್ರಾಂಶವನ್ನು 2003ರಲ್ಲಿ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಎಂಬುವವರು ಲೈವ್‌ಜರ್ನಲ್ ಎನ್ನುವ ತಮ್ಮ ತಾಣಕ್ಕಾಗಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಈ ಉದಾರ ಬುದ್ಧಿಯ ಮೇಲೆಯೇ ಈ ಲೋಕ ನಿಂತಿದೆ. ಮುಂದೆ ಅದಕ್ಕೇ ಬರುತ್ತೇನೆ.

ಫೋಟೊ ವಿಷಯ ಒಂದೇ ಮಾತಿನಲ್ಲಿ ಮುಗಿಸುವಂಥದ್ದಲ್ಲ. ನಿಮ್ಮ ಮನೆಯ ಗೃಹಪ್ರವೇಶದ ಒಂದು ಫೋಟೊ ಹಾಕಿದರೆ ಫೇಸ್‌ಬುಕ್ ಅದನ್ನು ನಾಲ್ಕು ಅಳತೆಗಳಲ್ಲಿ ಮಾಡಿ ಇಡುತ್ತಿತ್ತು. 2010ರಲ್ಲಿ ಅವರ ಹತ್ತಿರ ಹೀಗೆ 26,000 ಕೋಟಿ ಚಿತ್ರಗಳಿದ್ದವು, ವಾರಕ್ಕೆ ಇನ್ನೂ 100 ಕೋಟಿ ಹೊಸ ಫೋಟೊ ಬರುತ್ತಿದ್ದವು. ಹೊಸ ಫೋಟೊಗಳನ್ನು ಎಲ್ಲರೂ ನೋಡುತ್ತಾರೆ, ಅವು ಮೆಮೊರಿಯಲ್ಲೇ ಸಿಗುತ್ತವೆ. ತೊಂದರೆ ಕೊಡುವುದು ಹಳೆಯವು. ಎಂಟು ವರ್ಷದ ಹಿಂದಿನ ಫೋಟೊವನ್ನು ಯಾರೋ ಒಬ್ಬರು ಮಧ್ಯರಾತ್ರಿ ತೆರೆಯುತ್ತಾರೆ. ಮಾಮೂಲಿ ಫೈಲ್ ವ್ಯವಸ್ಥೆಯಲ್ಲಿ ಆ ಫೋಟೊ ಎಲ್ಲಿದೆ ಎಂದು ತಿಳಿಯಲಿಕ್ಕೇ ಡಿಸ್ಕಿನ ಮುಳ್ಳು ಹಲವು ಬಾರಿ ಓಡಾಡಬೇಕಿತ್ತು. ಅವರು ಹೇಸ್ಟ್ಯಾಕ್ ಎನ್ನುವ ಹೊಸ ವ್ಯವಸ್ಥೆ ಕಟ್ಟಿದರು. ಲಕ್ಷಾಂತರ ಫೋಟೊಗಳನ್ನು ಒಂದೇ ದೊಡ್ಡ ಫೈಲಿನಲ್ಲಿ ಒಂದರ ಹಿಂದೆ ಒಂದು ಪೇರಿಸಿ, ಯಾವುದು ಎಲ್ಲಿದೆ ಎನ್ನುವ ವಿಳಾಸವನ್ನು ಮಾತ್ರ ಮೆಮೊರಿಯಲ್ಲಿ ಇಟ್ಟರು. ಡಿಸ್ಕಿಗೆ ಒಂದೇ ಸಲ ಹೋದರೆ ಸಾಕು, ಫೋಟೊ ಸಿಗುತ್ತದೆ. ಇದನ್ನು ಓದಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ಎಷ್ಟು ಸರಳ, ಆದರೆ ಅಲ್ಲಿಗೆ ಮುಟ್ಟಲು ಎಷ್ಟು ಕೆಲಸ!

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇವನ್ನೆಲ್ಲ ಸರ್ಕಾರ ಮತ್ತೆ ಮೊದಲಿನಿಂದ ಕಟ್ಟಿಸಬೇಕಾಗಿಲ್ಲ. ಹೊರಗಿನವರು ಕಟ್ಟಿ ತೋರಿಸಿದ್ದಾರೆ, ಅದರಲ್ಲಿ ಎಷ್ಟೋ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನಾವು ದುಡ್ಡು ಹಾಕಬೇಕಾದದ್ದು ಹೊರಗಿನವರು ಯಾವತ್ತೂ ಕಟ್ಟಿಕೊಡದ ಭಾಗಗಳಿಗೆ. ಅವುಗಳಲ್ಲಿ ಮೂರನ್ನು ಹತ್ತಿರದಿಂದ ತೋರಿಸುತ್ತೇನೆ.

ಮೊದಲನೆಯದು, ನಮ್ಮ ಅಕ್ಷರ. ಕರ್ನಾಟಕ ಎಂದು ಬರೆಯಿರಿ. ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರದ ಒಳಗೆ ಅದು ಏಳು ಸಂಕೇತ: ಕ, ರ, ಹಲಂತ, ನ, ಆ-ಕಾರದ ಗುರುತು, ಟ, ಕ. ಒಂದೊಂದಕ್ಕೂ ಮೂರು ಬೈಟಿನಂತೆ 21 ಬೈಟು (ಬೈಟು ಅಂದರೆ ಯಂತ್ರದಲ್ಲಿ ಜಾಗದ ಅಳತೆ). ಇಂಗ್ಲಿಷಿನವರು ಹೆಸರಿಗೆ 20 ಬೈಟು ಸಾಕು ಎಂದು ಡೇಟಾಬೇಸಿನಲ್ಲಿ ಜಾಗ ಇಟ್ಟಿದ್ದರೆ ನಮ್ಮ ರಾಜ್ಯದ ಹೆಸರೇ ಹಿಡಿಸುವುದಿಲ್ಲ. ಇದು ಸುಲಭದ ತೊಂದರೆ, ಜಾಗ ಹೆಚ್ಚಿಸಿದರಾಯಿತು. ಹುಡುಕಾಟದ್ದು ಕಷ್ಟ. ರಾಜ್‌ಕುಮಾರ್ ಎಂದು ಬರೆಯುವಾಗ ಜ ಅಕ್ಷರದ ಕೆಳಗೆ ಕ ಒತ್ತು ಬೀಳದಿರಲಿ ಎಂದು ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತೇವೆ. ಕೆಲವು ಕೀಲಿಮಣೆಗಳು, ಹಳೆಯ ಫಾಂಟಿನಿಂದ ಯುನಿಕೋಡ್ ಎನ್ನುವ ಈಗಿನ ಸಂಕೇತ ಪದ್ಧತಿಗೆ ಬದಲಿಸುವ ಕೆಲವು ಪರಿವರ್ತಕಗಳು ಅದೇ ಸಂಕೇತವನ್ನು ಪದದ ಕೊನೆಯಲ್ಲೂ ಸುಮ್ನೆ ಅಂಟಿಸುತ್ತವೆ. ಪರದೆ ಮೇಲೆ ಎರಡು 'ಕುಮಾರ್' ಒಂದೇ ಥರ ಕಾಣುತ್ತವೆ, ಯಂತ್ರಕ್ಕೆ ಅವು ಬೇರೆ ಬೇರೆ ಪದ. 'ಕೊ' ಎನ್ನುವ ಅಕ್ಷರವೂ ಹಾಗೇ. ಒ-ಕಾರದ ಗುರುತು ಒಂದೇ ಸಂಕೇತವಾಗಿಯೂ ಬರಬಹುದು, ಎ-ಕಾರ ಮತ್ತು ಊ-ಕಾರದ ಗುರುತು ಎರಡು ಸೇರಿಯೂ ಬರಬಹುದು. ಇವನ್ನು ಒಂದೇ ರೂಪಕ್ಕೆ ತಂದು ಇಡದಿದ್ದರೆ ಕೊಪ್ಪಳದ ತಮ್ಮ ಕ್ಲಾಸ್‌ಮೇಟನ್ನು ಹೆಸರು ಹಾಕಿ ಹುಡುಕಿದವರಿಗೆ 'ಯಾರೂ ಸಿಗಲಿಲ್ಲ' ಅಂತ ಬರುತ್ತದೆ. ಅವರು ಇದ್ದಾರೆ, ಆದರೆ ಸಿಗುವುದಿಲ್ಲ. ನಾನು ಈ ಒಂದು ಕೆಲಸದ ಮೇಲೆ ಎಷ್ಟೋ ದಿನ ಕೂತಿದ್ದೇನೆ. ಯಾರಿಗೂ ಇದು ದೊಡ್ಡದಾಗಿ ಕಾಣುವುದಿಲ್ಲ, ಡೆಮೊದಲ್ಲಿ ತೋರಿಸಲಿಕ್ಕೂ ಬರುವುದಿಲ್ಲ. ಆದರೆ ಕನ್ನಡದ ತಾಣ ಅಂತ ಹೆಸರಿಟ್ಟ ಮೇಲೆ ಕನ್ನಡದ ಹೆಸರು ಹುಡುಕಿದರೆ ಸಿಗಬೇಕು, ಅಲ್ವಾ?

ಎರಡನೆಯದು, ಫೀಡಿನಲ್ಲಿ ಯಾವುದು ಮೇಲೆ ಬರಬೇಕು ಎನ್ನುವ ತೀರ್ಮಾನ. ಇದನ್ನು ಯಂತ್ರ ತಾನೇ ತೀರ್ಮಾನಿಸುತ್ತದೆ ಎಂದು ಜನ ತಿಳಿದಿದ್ದಾರೆ. ಅಂಕ ಕೊಡುವುದು ಯಂತ್ರ, ಯಾವುದಕ್ಕೆ ಎಷ್ಟು ಅಂಕ ಎಂದು ಬರೆಯುವುದು ಮನುಷ್ಯರು. 2023ರ ಮಾರ್ಚ್ 31ರಂದು ಟ್ವಿಟರ್ ತನ್ನ ಕೋಡಿನ ಒಂದು ಭಾಗವನ್ನು ಎಲ್ಲರೂ ನೋಡುವಂತೆ ಬಿಟ್ಟಿತು. ಅದರ ಜೊತೆಗೆ ಬಂದ ಲೆಕ್ಕದಲ್ಲಿ, ನೀವು ಒಂದು ಟ್ವೀಟನ್ನು ಲೈಕ್ ಮಾಡುವ ಸಾಧ್ಯತೆಗೆ ಅರ್ಧ ಅಂಕ, ಹಂಚುವುದಕ್ಕೆ 1, ಉತ್ತರ ಬರೆಯುವುದಕ್ಕೆ 13.5. ನಿಮ್ಮ ಉತ್ತರಕ್ಕೆ ಆ ಟ್ವೀಟ್ ಬರೆದವರೇ ಮತ್ತೆ ಸ್ಪಂದಿಸುತ್ತಾರೆ ಎನ್ನುವುದಕ್ಕೆ 75. ನೀವು ದೂರು ಕೊಡಬಹುದು ಎನ್ನುವುದಕ್ಕೆ ಮೈನಸ್ 369. ನೋಡಿ, ಸುಮ್ಮನೆ ಮೆಚ್ಚಿಕೊಂಡು ಹೋಗುವವರಿಗಿಂತ ಜಗಳಕ್ಕೆ ನಿಲ್ಲುವವರಿಗೆ ಎಷ್ಟು ಬೆಲೆ! ಫೇಸ್‌ಬುಕ್ ಕೂಡ 2017ರಲ್ಲಿ ಕೋಪದ ಮುಖದ ಗುರುತಿಗೆ, ಉಳಿದ ಎಮೋಜಿಗಳಂತೆಯೇ, ಲೈಕಿನ ಐದು ಪಟ್ಟು ತೂಕ ಕೊಟ್ಟಿತ್ತು. ಕೋಪ ಬರಿಸುವ ಪೋಸ್ಟುಗಳಲ್ಲಿ ಸುಳ್ಳು, ಕೆಡುಕು ಜಾಸ್ತಿ ಎಂದು ಅವರದ್ದೇ ಸಂಶೋಧಕರು ಹೇಳಿದ ಮೇಲೆ ಅದನ್ನು ಇಳಿಸುತ್ತಾ ಬಂದು 2020ರಲ್ಲಿ ಸೊನ್ನೆ ಮಾಡಿದರು. ಸೊನ್ನೆ ಮಾಡಿದ್ದರಿಂದ ಜನರಿಗೆ ಕೆಡುಕಿನ ಪೋಸ್ಟು ಕಾಣುವುದು ಕಡಿಮೆಯಾಯಿತು, ಜನ ಫೇಸ್‌ಬುಕ್ ಬಳಸುವುದೇನೂ ಕಡಿಮೆಯಾಗಲಿಲ್ಲ. ಈ ವಿಷಯ ಹೊರಗೆ ಬಂದದ್ದು 2021ರಲ್ಲಿ, ಒಳಗಿನ ಕಾಗದಪತ್ರಗಳು ಪತ್ರಿಕೆಗಳ ಕೈಸೇರಿದಾಗ. ಸರ್ಕಾರದ ದುಡ್ಡಿನಲ್ಲಿ ಕಟ್ಟುವ ತಾಣದಲ್ಲಿ ಈ ಅಂಕಪಟ್ಟಿ ಮೊದಲ ದಿನದಿಂದಲೇ ಬಹಿರಂಗವಾಗಿರಬೇಕು. ಯಾರಾದರೂ ಕದ್ದು ಕೊಟ್ಟ ಮೇಲೆ ಗೊತ್ತಾಗುವಂತೆ ಇರಬಾರದು.

ಮೂರನೆಯದು ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ದೂರು ಓದುವವರು. ನೀವು ಒಂದು ಪೋಸ್ಟಿನ ಮೇಲೆ 'ರಿಪೋರ್ಟ್' ಒತ್ತಿದಾಗ ಅದು ಹೋಗುವುದು ಒಂದು ಸಾಲಿಗೆ. ಮೊದಲು ಯಂತ್ರ ನೋಡುತ್ತದೆ. ಅದಕ್ಕೆ ಗೊತ್ತಾಗದ್ದು ಮನುಷ್ಯರ ಮುಂದೆ ಬರುತ್ತದೆ. ಅವರು ದಿನವಿಡೀ ಹೊಡೆದಾಟ, ರಕ್ತ, ಮಕ್ಕಳಿಗೆ ಕೊಡುವ ಹಿಂಸೆ, ಬೆದರಿಕೆಗಳನ್ನು ನೋಡುತ್ತಾರೆ. ಅಮೆರಿಕದಲ್ಲಿ ಹೀಗೆ ಕೆಲಸ ಮಾಡಿ ಮನಸ್ಸು ಕೆಟ್ಟವರು ಕೋರ್ಟಿಗೆ ಹೋದಾಗ 2020ರಲ್ಲಿ ಫೇಸ್‌ಬುಕ್ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ಅಷ್ಟು ಭಾರದ ಕೆಲಸ ಅದು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಕನ್ನಡದ ದೂರುಗಳನ್ನು ಯಂತ್ರದಿಂದ ಇಂಗ್ಲಿಷಿಗೆ ಅನುವಾದ ಮಾಡಿಸಿ, ಕನ್ನಡ ಬಾರದವರ ಮುಂದೆ ಇಡುತ್ತಿದ್ದರು. ಒಬ್ಬ ಹುಡುಗಿಗೆ ಒಬ್ಬಾತ ಪದೇ ಪದೇ 'ನಿನ್ನನ್ನ ನೋಡ್ಕೊಳ್ತೀನಿ' ಎಂದು ಬರೆಯುತ್ತಿದ್ದ. ಅನುವಾದದಲ್ಲಿ ಅದು ನಿನ್ನನ್ನು ಚೆನ್ನಾಗಿ ಆರೈಕೆ ಮಾಡುತ್ತೇನೆ ಎಂದು ಬಂದಿತ್ತು. ದೂರು ಮುಚ್ಚಿತು. ಕನ್ನಡ ಬಲ್ಲ ಯಾರಿಗಾದರೂ ಅದು ಬೆದರಿಕೆ ಎಂದು ಅರ್ಧ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಧಾರವಾಡ ಕಡೆಯ ಗೆಳೆಯರು 'ಲೇ ಮಗನ' ಎಂದು ಪ್ರೀತಿಯಿಂದ ಕರೆದುಕೊಂಡದ್ದನ್ನು ಬೈಗುಳ ಎಂದು ಅಳಿಸಿದ್ದೂ ಇದೆ. ಇದರ ಮೇಲೆ ನಮ್ಮ ಜನರಲ್ಲಿ ಎಷ್ಟೋ ಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಆ ಕನ್ನಡವನ್ನು ಓದಿ ಅರ್ಥಮಾಡಿಕೊಳ್ಳುವ ಯಂತ್ರಕ್ಕೆ ಕಲಿಸಲಿಕ್ಕೂ ಮೊದಲು ಮನುಷ್ಯರೇ ಕೂತು ಸಾವಿರಾರು ಉದಾಹರಣೆಗಳಿಗೆ ಗುರುತು ಹಾಕಬೇಕು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎನ್ನುವ ಸುಳ್ಳು ಮೆಸೇಜಿನಿಂದ ದೇಶದ ಹಲವೆಡೆ ಜನ ಜೀವ ಕಳೆದುಕೊಂಡರು. ಬೆಂಗಳೂರಿನಲ್ಲೂ, ಬೀದರ್ ಜಿಲ್ಲೆಯಲ್ಲೂ ಆಯಿತು. ಆಮೇಲೆ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂದು ಕಡಿವಾಣ ಹಾಕಿತು. ಕೋಡಿನಲ್ಲಿ ಅದು ಒಂದು ಸಣ್ಣ ಸಂಖ್ಯೆ. ಅದನ್ನು ಬದಲಿಸಲು ಅಷ್ಟು ಜೀವ ಹೋಗಬೇಕಾಯಿತು ಎನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ನಡೆಸಿಕೊಂಡು ಹೋಗುವುದರ ಬಗ್ಗೆ ಸ್ವಲ್ಪ. 2021ರ ಅಕ್ಟೋಬರ್ 4ರ ರಾತ್ರಿ ನಮ್ಮ ಸಮಯ ಒಂಬತ್ತು ದಾಟಿದ ಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಆರು ಗಂಟೆ ಹೊತ್ತು ನಿಂತಿದ್ದು ಎಲ್ಲರಿಗೂ ನೆನಪಿರಬಹುದು. ಮಾಮೂಲಿ ರಿಪೇರಿ ಕೆಲಸದ ಒಂದು ಕಮಾಂಡ್ ಅವರ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೆಲ್ಲ ಕಡಿದುಹಾಕಿತು. ಸರಿಪಡಿಸುವ ಉಪಕರಣಗಳೂ ಅದೇ ಜಾಲದ ಮೇಲೆ ಇದ್ದವು, ಹಾಗಾಗಿ ಜನರನ್ನೇ ಜಾಗಕ್ಕೆ ಕಳಿಸಬೇಕಾಯಿತು. ಅಷ್ಟು ದೊಡ್ಡವರಿಗೇ ಹೀಗೆ. ಟೆಂಡರ್ ಮುಗಿಸಿ ಬಿಲ್ ತೆಗೆದುಕೊಂಡು ಹೋದ ಗುತ್ತಿಗೆದಾರರು ನಮ್ಮ ತಾಣ ನಿಂತಾಗ ಬರುತ್ತಾರಾ?

ನಮ್ಮ ಊರಿನ ಉದಾಹರಣೆಯೇ ಕಣ್ಣ ಮುಂದಿದೆ. ಟ್ವಿಟರ್ ಥರದ ತಾಣವಾದ ಬೆಂಗಳೂರಿನ 'ಕೂ' 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾಯಿತು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಅದನ್ನು ಕಟ್ಟಿದವರು. ಒಂದು ಹಂತದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಜನ ಬಳಸುತ್ತಿದ್ದರು. ಆದರೂ 2024ರ ಜುಲೈನಲ್ಲಿ ಮುಚ್ಚಬೇಕಾಯಿತು. ನಡೆಸಿಕೊಂಡು ಹೋಗುವ ತಂತ್ರಜ್ಞಾನದ ಖರ್ಚು ಭಾರವಾಯಿತು ಎಂದು ಅವರೇ ಹೇಳಿಕೊಂಡರು. ಅವರು ಬುದ್ಧಿವಂತರಲ್ಲ, ಶ್ರಮಪಡಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಎಲ್ಲವನ್ನೂ ಒಂದೇ ಸೂರಿನ ಕೆಳಗೆ ತಾವೇ ಹೊರುವುದು ಎಷ್ಟು ಕಷ್ಟ ಎಂದು ಅದರಿಂದ ಕಲಿಯಬೇಕು. ಅದರ ಮೇಲೆ ಬರೆದ ಕನ್ನಡಿಗರ ಮಾತುಗಳೂ ಅದರೊಂದಿಗೇ ಹೋದವು, ಅದು ನನಗೆ ತುಂಬ ನೋವಿನ ಸಂಗತಿ.

ಇನ್ನೊಂದು ದಾರಿ ಇದೆ. ಜರ್ಮನಿಯ ಓಯ್ಗನ್ ರೋಖ್ಕೊ 2016ರಲ್ಲಿ ಬಿಟ್ಟ ಮಾಸ್ಟೊಡಾನ್ ಎನ್ನುವ ಸೋಷಿಯಲ್ ಮೀಡಿಯಾ ತಂತ್ರಾಂಶ ಉಚಿತ. ಅದನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ, ಅಂದರೆ ತಾಣವನ್ನು ಓಡಿಸುವ ಕಂಪ್ಯೂಟರಿನಲ್ಲಿ, ಹಾಕಿಕೊಳ್ಳಬಹುದು. ಒಂದು ಸರ್ವರಿನವರು ಇನ್ನೊಂದರವರ ಜೊತೆ ಮಾತಾಡಬಹುದು. ಅದಕ್ಕೆ ಬೇಕಾದ ಆ್ಯಕ್ಟಿವಿಟಿಪಬ್ ಎನ್ನುವ ನಿಯಮಾವಳಿಯನ್ನು ವೆಬ್ ಮಾನದಂಡಗಳನ್ನು ಮಾಡುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಒಪ್ಪಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ್ದು ಒಂದು ಸರ್ವರ್, ಮೈಸೂರಿನ ಯಾವುದೋ ಕಾಲೇಜಿನದ್ದು ಒಂದು, ಸಿಂಗಾಪುರದ ಕನ್ನಡ ಸಂಘದ್ದು ಒಂದು ಇರಬಹುದು. ಒಂದು ನಿಂತರೂ ಉಳಿದವು ಓಡುತ್ತವೆ. ಒಬ್ಬರಿಗೆ ಕೋಟಿಗಟ್ಟಲೆ ಖರ್ಚಿಲ್ಲ. ಸರ್ಕಾರದ ದುಡ್ಡು ಕನ್ನಡ ಹುಡುಕಾಟಕ್ಕೆ, ಅಕ್ಷರಗಳನ್ನು ಒಂದೇ ರೂಪಕ್ಕೆ ತರುವ ತಂತ್ರಾಂಶಕ್ಕೆ, ಕನ್ನಡ ಬಲ್ಲ ದೂರು ಓದುವವರ ಸಂಬಳಕ್ಕೆ ಹೋಗಲಿ. ಹಾಗೆ ಮಾಡಿದ್ದನ್ನು ಎಲ್ಲರಿಗೂ ಉಚಿತವಾಗಿ ಬಿಡಲಿ. ಹಿಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಯನ್ನು ಸರ್ಕಾರ ಹೀಗೇ ಉಚಿತವಾಗಿ ಹಂಚಿದ್ದರಿಂದಲೇ ತಾಲ್ಲೂಕು ಕಚೇರಿಯಿಂದ ಡಿಟಿಪಿ ಅಂಗಡಿಯವರೆಗೆ ಕನ್ನಡ ಟೈಪಿಂಗ್ ಹರಡಿದ್ದು.

ಸಲಹೆ ಕೊಟ್ಟ ಓದುಗರಿಗೆ ನನ್ನ ಕೋರಿಕೆ ಇಷ್ಟು. ನಿಮ್ಮ ಸಲಹೆಯನ್ನು ಬಿಡಬೇಡಿ. ನಾಳೆ ಸರ್ಕಾರ ಒಪ್ಪಿ ಟೆಂಡರ್ ಕರೆದರೆ, ಪುಟದ ಬಣ್ಣ, ಲೋಗೊ, ಉದ್ಘಾಟನೆಯ ದಿನಾಂಕಕ್ಕಿಂತ ಮೊದಲು ಅದರಲ್ಲಿ ಈ ಪ್ರಶ್ನೆ ಇದೆಯೇ ನೋಡಿ: ರಾತ್ರಿ ಎರಡು ಗಂಟೆಗೆ ಬಂದ ಕನ್ನಡದ ದೂರನ್ನು ಯಾರು ಓದುತ್ತಾರೆ, ಎಷ್ಟು ಹೊತ್ತಿನಲ್ಲಿ ಓದುತ್ತಾರೆ, ಮೂರನೇ ವರ್ಷ ಅವರ ಸಂಬಳ ಯಾವ ಲೆಕ್ಕದಿಂದ ಬರುತ್ತದೆ?

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬ್ಯಾಕೆಂಡ್ ಇಂಜಿನಿಯರ್, ಮೈಸೂರು